ಸಾಫ್ಟ್‌ವೇರ್ ಬರೆಯುವ ಮೊದಲು ಬಸ್ಸು ಹತ್ತಿ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾರಿಗೆ ಸೇವೆಗೆ ಸಾಫ್ಟ್‌ವೇರನ್ನು ಹೇಗೆ ಯೋಜಿಸುತ್ತಾರೆ, ಹೇಗೆ ಕಟ್ಟುತ್ತಾರೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಬೇರೆ ಯಾರಿಗೋ ಮಾಡಬೇಕಾದ ಫೋನನ್ನು ನನಗೆ ಮಾಡಿದ್ದಾರೆ ಎಂದುಕೊಂಡೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಟೀಚರ್. ಬಿ.ಎಡ್. ಓದುವಾಗ ಕಂಪ್ಯೂಟರ್ ಎಂಬುದು ನಮಗೆ ಒಂದು ಚಿಕ್ಕ ಪತ್ರಿಕೆಯಾಗಿತ್ತು, ಅದರಲ್ಲಿಯೂ ಅಂಕ ಹೆಚ್ಚು ಬಂದಿರಲಿಲ್ಲ. ಒಂದು ಸಾಲು ಪ್ರೋಗ್ರಾಂ ಕೂಡ ನಾನು ಬರೆದವಳಲ್ಲ. ಆದರೂ ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆ ಎಂಬುದು ಮಾತಿನ ನಡುವೆ ನಿಮಗೆ ತಿಳಿಯುತ್ತದೆ. ಈ ಸಭಾಂಗಣದಲ್ಲಿ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವವರು ಬಹಳ ಮಂದಿ ಇದ್ದೀರಿ. ಪ್ರೋಗ್ರಾಂ ಹೇಗೆ ಬರೆಯಬೇಕೆಂದು ನಿಮ್ಮ ಉಪನ್ಯಾಸಕರು ಕಲಿಸುತ್ತಾರೆ. ಅದಕ್ಕೆ ಮುಂಚೆ ಏನಾಗಬೇಕು ಎಂಬುದರ ಬಗ್ಗೆ ಮಾತ್ರ ನಾನು ಹೇಳುತ್ತೇನೆ.

ಮೊದಲು ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ: 1985ಕ್ಕೆ ಮುಂಚೆ ರೈಲಿನಲ್ಲಿ ಸೀಟು ಕಾದಿರಿಸುವುದು ಹೇಗಿತ್ತು? ದೊಡ್ಡ ದೊಡ್ಡ ರಿಜಿಸ್ಟರುಗಳಿದ್ದವು. ಒಂದೊಂದು ರೈಲಿನ ಒಂದೊಂದು ದಿನಕ್ಕೂ ಬೇರೆ ಹಾಳೆ. ಯಾವ ರೈಲಿಗೆ ಯಾವ ಕಿಟಕಿ ಎಂದು ಹುಡುಕಿಕೊಂಡು ಹೋಗಿ ಸರದಿಯಲ್ಲಿ ನಿಲ್ಲಬೇಕು. ನಿಂತು ನಿಂತು ಕಿಟಕಿಯ ಮುಂದೆ ಬಂದ ಮೇಲೆ, "ಈ ರೈಲಿಗೆ ಇಲ್ಲಲ್ಲ, ಆ ಕಡೆ ಹೋಗಿ" ಎಂಬ ಉತ್ತರ. ಮರಳಿ ಬರುವ ಪ್ರಯಾಣಕ್ಕೆ ಇಲ್ಲಿಂದಲೇ ಸೀಟು ಬೇಕೆಂದರೆ ಆ ಊರಿನ ನಿಲ್ದಾಣಕ್ಕೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕು. ರಿಜಿಸ್ಟರು ಒಬ್ಬ ಗುಮಾಸ್ತರ ಕೈಯಲ್ಲಿದ್ದುದರಿಂದ, ಅವರ ಕೈ ಬಿಸಿ ಮಾಡಿದವರಿಗೆ ಸೀಟು ಸಿಗುತ್ತಿತ್ತು ಎಂದು ನಮ್ಮ ಅಬ್ಬಾ ಈಗಲೂ ಹೇಳುತ್ತಾರೆ.

1985ರ ನವೆಂಬರಿನಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ಮೂಲಕ ಸೀಟು ಕಾದಿರಿಸುವ ವ್ಯವಸ್ಥೆಯ ಪ್ರಯೋಗ ಆರಂಭವಾಯಿತು. ಆಗ ಸರ್ಕಾರಿ ಕಂಪನಿಯಾಗಿದ್ದ ಸಿಎಂಸಿ ಅದನ್ನು ತಯಾರಿಸಿತು. ಅದರ ಹೆಸರು 'ಇಂಪ್ರೆಸ್'. ಮರುವರ್ಷ, ಅಂದರೆ 1986ರಲ್ಲಿ, ರೈಲ್ವೆಯ ಸಾಫ್ಟ್‌ವೇರ್ ಕೆಲಸಕ್ಕಾಗಿಯೇ 'ಕ್ರಿಸ್' ಎಂಬ ಸಂಸ್ಥೆ ಹುಟ್ಟಿಕೊಂಡಿತು. ಮುಂದೆ ದೆಹಲಿ, ಕೋಲ್ಕತ, ಮುಂಬಯಿ, ಚೆನ್ನೈ, ಸಿಕಂದರಾಬಾದ್ ಹೀಗೆ ಐದು ಕೇಂದ್ರಗಳಾದವು. ಆದರೆ ಒಂದೊಂದು ಕೇಂದ್ರವೂ ತನ್ನ ರೈಲುಗಳನ್ನು ಮಾತ್ರ ಬಲ್ಲದಾಗಿತ್ತು. ಇವನ್ನು ಒಂದಕ್ಕೊಂದು ಬೆಸೆಯಲು 'ಕನ್ಸರ್ಟ್' ಎಂಬ ಹೊಸ ಸಾಫ್ಟ್‌ವೇರ್ ತಯಾರಾಗಿ, 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಕೆಲಸಕ್ಕಿಳಿಯಿತು. ಐದೂ ಕೇಂದ್ರಗಳು ಒಂದಾದದ್ದು 1999ರ ಏಪ್ರಿಲಿನಲ್ಲಿ. ಗಮನಿಸಿ, ಮೊದಲ ಪ್ರಯೋಗದಿಂದ ಇಡೀ ದೇಶ ಒಂದಾಗುವವರೆಗೆ ಹದಿಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನಿಮ್ಮ ಪ್ರಾಜೆಕ್ಟಿಗೆ ಕಾಲೇಜು ಕೊಡುವುದು ಒಂದು ಸೆಮಿಸ್ಟರ್.

ಇಷ್ಟು ಕಾಲ ಏಕೆ ಹಿಡಿಯಿತು? ಸೀಟು ಖಾಲಿ ಇದೆಯೋ ಇಲ್ಲವೋ ಎಂದು ನೋಡುವುದರಲ್ಲಿ ಅಂಥ ಕಷ್ಟವೇನು ಎಂದು ನಾನೂ ಮೊದಲು ಕೇಳಿದ್ದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕರಿಹಲಗೆಯ ಮೇಲೆ ಗೆರೆ ಎಳೆದು ನನಗೆ ವಿವರಿಸಿದ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಮುಂಬಯಿ ಕಡೆಗೆ ಹೋಗುವ ಒಂದು ರೈಲನ್ನು ಊಹಿಸಿಕೊಳ್ಳಿ. ಅದರ ಒಂದು ಬರ್ತು, ನಮ್ಮ ಕಣ್ಣಿಗೆ ಒಂದು ಹಲಗೆ. ಸಾಫ್ಟ್‌ವೇರಿನ ಕಣ್ಣಿಗೆ ಅದು ಒಂದಲ್ಲ. ಬೆಂಗಳೂರಿನಲ್ಲಿ ಹತ್ತಿದವರು ದಾವಣಗೆರೆಯಲ್ಲಿ ಇಳಿಯಬಹುದು, ಅದೇ ಹಲಗೆ ದಾವಣಗೆರೆಯಿಂದ ಮುಂದಕ್ಕೆ ಇನ್ನೊಬ್ಬರದಾಗಬಹುದು. ಒಂದೇ ಹಲಗೆಯನ್ನು ದಾರಿಯುದ್ದಕ್ಕೂ ತುಂಡು ತುಂಡಾಗಿ ಮಾರಬೇಕು. ತುಂಡುಗಳು ಒಂದರ ಮೇಲೊಂದು ಬೀಳಬಾರದು. ನಡುವೆ ತುಂಡು ಉಳಿದು ವ್ಯರ್ಥವಾಗಲೂ ಬಾರದು.

ಇನ್ನೊಂದು. ಉಳಿದಿರುವುದು ಒಂದೇ ಬರ್ತು. ಮೈಸೂರಿನ ಕಿಟಕಿಯಲ್ಲಿ ಒಬ್ಬರು, ದೆಹಲಿಯ ಕಿಟಕಿಯಲ್ಲಿ ಒಬ್ಬರು, ಅದೇ ಕ್ಷಣದಲ್ಲಿ ಕೇಳುತ್ತಾರೆ. ಇಬ್ಬರ ಪರದೆಯ ಮೇಲೂ 'ಒಂದು ಇದೆ' ಎಂದು ಕಾಣುತ್ತದೆ. ಇಬ್ಬರಿಗೂ ಕೊಟ್ಟರೆ ರೈಲಿನಲ್ಲಿ ಜಗಳ. ಆದ್ದರಿಂದ ಒಬ್ಬರು ಮುಟ್ಟಿದ ಕೂಡಲೇ ಆ ಬರ್ತಿಗೆ ಬೀಗ ಬಿದ್ದು, ಅವರ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಕಾಯುವಂತಿರಬೇಕು. ಮುಟ್ಟಿದವರ ಲೈನು ನಡುವೆಯೇ ಹೋದರೆ ಬೀಗ ಬಿದ್ದೇ ಇರಬಾರದು. ಮದುವೆ ಮನೆಯಲ್ಲಿ ಒಂದೇ ಬಚ್ಚಲುಮನೆ ಇರುವವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು.

ನನಗೆ ಬಹಳ ಹಿಡಿಸಿದ್ದು ಮಧ್ಯರಾತ್ರಿಯ ಸಮಸ್ಯೆ. ರೈಲು ತನ್ನ ಮೂಲ ನಿಲ್ದಾಣವನ್ನು 10ನೇ ತಾರೀಖು ಸಂಜೆ ಬಿಡುತ್ತದೆ, ನಮ್ಮ ಊರಿಗೆ ಬರುವುದು ರಾತ್ರಿ 12 ಗಂಟೆ 10 ನಿಮಿಷಕ್ಕೆ. ಆಗ ತಾರೀಖು 11. ರೈಲಿನ ಲೆಕ್ಕದಲ್ಲಿ ಅದು ಹತ್ತನೇ ತಾರೀಖಿನ ರೈಲು, ಪ್ರಯಾಣಿಕರ ಲೆಕ್ಕದಲ್ಲಿ ಹನ್ನೊಂದನೇ ತಾರೀಖಿನ ಪ್ರಯಾಣ. ನಮ್ಮಲ್ಲಿ ಎಷ್ಟೋ ಮಂದಿಗೆ ಅದು 'ಹತ್ತನೇ ತಾರೀಖು ರಾತ್ರಿ'. ಸಾಮಾನು ಕಟ್ಟಿಕೊಂಡು ನಿಲ್ದಾಣಕ್ಕೆ ಬಂದು, ನಿಮ್ಮ ರೈಲು ನಿನ್ನೆಯೇ ಹೋಯಿತು ಎಂದು ಕೇಳಿಸಿಕೊಂಡ ಕುಟುಂಬವನ್ನು ನಾನು ಕಂಡಿದ್ದೇನೆ. ನಮ್ಮ ಮುಸ್ಲಿಂ ಮನೆಗಳಲ್ಲಿ ದಿನ ಬದಲಾಗುವುದು ಮಗ್ರಿಬ್‌ಗೆ. ಗುರುವಾರ ಸಂಜೆಯೇ ನಮಗೆ ಜುಮ್ಮಾ ರಾತ್ರಿ. ಮನುಷ್ಯರು ದಿನವನ್ನು ಎಷ್ಟು ಬಗೆಯಲ್ಲಿ ಎಣಿಸುತ್ತಾರೆ ಎಂದು ತಿಳಿಯದವರು ಟಿಕೆಟಿನ ಸಾಫ್ಟ್‌ವೇರ್ ಬರೆದರೆ, ಅದು ಗಣಿತದಲ್ಲಿ ಸರಿಯಾಗಿದ್ದರೂ ಪ್ಲಾಟ್‌ಫಾರಂನಲ್ಲಿ ತಪ್ಪಾಗುತ್ತದೆ.

ಇನ್ನು ನಿಯಮಗಳು. ನಿಯಮ ಇಂದು ಇದ್ದಂತೆ ನಾಳೆ ಇರುವುದಿಲ್ಲ. ತತ್ಕಾಲ್ 1997ರಲ್ಲಿ ಬಂತು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಇಂಟರ್ನೆಟ್ಟಿನಲ್ಲಿ ಟಿಕೆಟು ಮಾರತೊಡಗಿದಾಗ, ಮುದ್ರಿಸಿದ ಟಿಕೆಟು ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟು ಬಂದದ್ದು 2005ರಲ್ಲಿ. 2016ರ ಏಪ್ರಿಲಿನಿಂದ 5ರಿಂದ 11 ವರ್ಷದ ಮಕ್ಕಳಿಗೆ ಪ್ರತ್ಯೇಕ ಬರ್ತು ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ ಎಂದಾಯಿತು. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. 120 ದಿನ ಮುಂಚಿತವಾಗಿ ಸೀಟು ಕಾದಿರಿಸಬಹುದಾಗಿದ್ದದ್ದು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಯಿತು. ಇಂಥ ಅಂಕಿಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ನೂರು ಕಡೆ ಬರೆದಿಟ್ಟವರು ಪ್ರತಿ ಆದೇಶಕ್ಕೂ ನೂರು ಕಡೆ ತಿದ್ದಬೇಕು. ಒಂದೇ ಕಡೆ ಪಟ್ಟಿ ಮಾಡಿಟ್ಟವರು ಒಂದು ಸಾಲು ತಿದ್ದಿ ಮನೆಗೆ ಹೋಗುತ್ತಾರೆ. ಪಂಚಾಂಗದ ಪುಟವನ್ನು ಗೋಡೆಗೆ ಅಂಟಿಸುವುದಕ್ಕೂ ಗೋಡೆಯ ಮೇಲೆಯೇ ತಾರೀಖು ಬರೆಯುವುದಕ್ಕೂ ಇರುವ ವ್ಯತ್ಯಾಸ ಇದು.

ವೇಗದ ಬಗ್ಗೆ ಒಂದೇ ಮಾತು. 2014ರಲ್ಲಿ ಐಆರ್‌ಸಿಟಿಸಿ ಹೊಸ ವ್ಯವಸ್ಥೆಗೆ ಬದಲಾದಾಗ ನಿಮಿಷಕ್ಕೆ 2,000 ಟಿಕೆಟುಗಳ ಸಾಮರ್ಥ್ಯ 7,200ಕ್ಕೆ ಏರಿತೆಂದು ಹೇಳಿದ್ದರು. 2025ರ ಮೇ 22ರಂದು ಒಂದೇ ನಿಮಿಷದಲ್ಲಿ 31,814 ಟಿಕೆಟುಗಳು ನೀಡಲ್ಪಟ್ಟವು. ಆದರೂ ತತ್ಕಾಲ್ ಸಮಯದಲ್ಲಿ ನಿಮಗೆ ಟಿಕೆಟು ಸಿಗುವುದಿಲ್ಲ. ಏಕೆಂದರೆ ಸಾಫ್ಟ್‌ವೇರ್ ಬರ್ತುಗಳನ್ನು ಹಂಚಬಲ್ಲದು, ಹುಟ್ಟಿಸಲಾರದು.

ರೈಲನ್ನು ಬಿಟ್ಟು ನಮ್ಮ ಕೆಂಪು ಬಸ್ಸಿಗೆ ಬರೋಣ. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಅಂದಿನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ. ದುಡ್ಡು ಇಲ್ಲವೆಂದ ಮೇಲೆ ಟಿಕೆಟು ಏಕೆ, ಸುಮ್ಮನೆ ಕೂರಿಸಿಕೊಂಡು ಹೋಗಬಾರದೆ ಎಂದು ನಮ್ಮ ಅಮ್ಮೀ ಕೇಳಿದ್ದರು. ನಿರ್ವಾಹಕರು ಯಂತ್ರದಿಂದ 'ಶೂನ್ಯ ಟಿಕೆಟ್' ತೆಗೆದು ಕೊಡಲೇಬೇಕು. ಎಷ್ಟು ಮಂದಿ, ಎಲ್ಲಿಂದ ಎಲ್ಲಿಗೆ ಹೋದರು ಎಂಬ ಲೆಕ್ಕ ಇದ್ದರೆ ಮಾತ್ರ ನಿಗಮಕ್ಕೆ ಸರ್ಕಾರದಿಂದ ಆ ಹಣ ಬರಲು ಸಾಧ್ಯ. ಪ್ರಯಾಣಿಕರ ಪಾಲಿಗೆ ಸೊನ್ನೆ, ಲೆಕ್ಕದ ಪುಸ್ತಕದಲ್ಲಿ ಸೊನ್ನೆಯಲ್ಲ. ದರ ಸೊನ್ನೆಯಾದರೆ ಟಿಕೆಟು ಬೇಡ ಎಂದು ಪ್ರೋಗ್ರಾಂ ಬರೆದಿದ್ದರೆ ಏನಾಗುತ್ತಿತ್ತು, ಯೋಚಿಸಿ. ಜೊತೆಗೆ, ಪ್ರಯಾಣಿಕರು ಈ ರಾಜ್ಯದವರೇ ಎಂಬುದನ್ನು ಗುರುತಿನ ಚೀಟಿ ನೋಡಿ ತಿಳಿಯಬೇಕಾದವರು ನಿರ್ವಾಹಕರು. ನೂಕುನುಗ್ಗಲಿನ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಯಂತ್ರ ಹಿಡಿದು ನಿಂತವರು ಎಷ್ಟು ಗುಂಡಿ ಒತ್ತಬಲ್ಲರು? ತಂಪು ಕೋಣೆಯಲ್ಲಿ ಕುಳಿತವರಿಗೆ ನಾಲ್ಕು ಗುಂಡಿ ಹೆಚ್ಚಲ್ಲ. ಬಸ್ಸು ಹತ್ತಿ ನೋಡಿದವರಿಗೆ ಎರಡೇ ಹೆಚ್ಚು.

ಈಗ ನಾನು ಈ ಭಾಷಣಕ್ಕೆ ಒಪ್ಪಿದ ಕಾರಣಕ್ಕೆ ಬರುತ್ತೇನೆ. ಇದನ್ನು ಸಂಘದ ಸಭೆಯಲ್ಲಿ ಹೇಳುವುದೋ ಬೇಡವೋ ಎಂದು ಬಹಳ ಯೋಚಿಸಿದೆ.

ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ಒಂದು ಬಸ್ಸು, ಎರಡು ವ್ಯಾನುಗಳಿದ್ದವು. ಸುಮಾರು 130 ಮಕ್ಕಳು ಅವುಗಳಲ್ಲಿ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ವಾಹನ ಇಲ್ಲದಿದ್ದರೆ ಏಳನೇ ತರಗತಿಯ ನಂತರ ಅವರಲ್ಲಿ ಅರ್ಧ ಮಂದಿ ಮನೆಯಲ್ಲಿ ಉಳಿಯುತ್ತಿದ್ದರು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಒಬ್ಬ ಹಿರಿಯ ಮಹಿಳೆಯದು. ಮಕ್ಕಳಿಗೆಲ್ಲ ಅವರು ಖಾಲಾ. ಚಾಲಕರು ಚಾಚಾ. ಖಾಲಾ ಅವರ ಕೈಯಲ್ಲಿ ಒಂದು ಉದ್ದನೆಯ ನೋಟ್‌ಪುಸ್ತಕ ಇರುತ್ತಿತ್ತು. ಅವರಿಗೆ ಉರ್ದು ಮಾತ್ರ ಓದಲು ಬರುತ್ತದೆ, ಅದರಲ್ಲಿ ಅವರದೇ ಗುರುತುಗಳು.

ನಮ್ಮಲ್ಲಿ ಓದಿ ಬಿಸಿಎ ಸೇರಿದ್ದ ಮೂವರು ಮಕ್ಕಳು ಬಂದು, ಟೀಚರ್, ಶಾಲೆಯ ಬಸ್ಸಿಗೆ ಸಾಫ್ಟ್‌ವೇರ್ ಮಾಡುತ್ತೇವೆ, ನಮ್ಮ ಪ್ರಾಜೆಕ್ಟೂ ಆಗುತ್ತದೆ ಎಂದರು. ನನಗೆ ಎಲ್ಲಿಲ್ಲದ ಹೆಮ್ಮೆ. ಆಡಳಿತ ಮಂಡಳಿಯವರನ್ನು ಒಪ್ಪಿಸಿದವಳು ನಾನೇ. ಹತ್ತು ದಿನಗಳಲ್ಲಿ ಬಣ್ಣ ಬಣ್ಣದ ಪರದೆ ತಯಾರಾಯಿತು. ಪ್ರತಿ ಮಗುವಿಗೂ ಹೆಸರು, ತರಗತಿ, ಇಳಿಯುವ ಜಾಗ, ತಂದೆಯ ಮೊಬೈಲು. ಸಂಜೆ ಪಟ್ಟಿ ಮುದ್ರಣವಾಗಿ ಬರುತ್ತದೆ, ಹತ್ತಿದ ಮಗುವಿನ ಹೆಸರಿಗೆ ಮೊಬೈಲಿನಲ್ಲಿ ಗುರುತು ಹಾಕಿದರೆ ತಂದೆಗೆ 'ನಿಮ್ಮ ಮಗು ವಾಹನ ಹತ್ತಿದೆ' ಎಂಬ ಸಂದೇಶ ಹೋಗುತ್ತದೆ. ಐವತ್ತು ಮಕ್ಕಳಿಗೆ ಐವತ್ತು ಸಲ ಒತ್ತುವುದು ತಡವಾಗುತ್ತದೆ, ಒಂದೇ ಸಲಕ್ಕೆ 'ಎಲ್ಲರೂ ಹತ್ತಿದರು' ಎಂದು ಒತ್ತುವ ಗುಂಡಿ ಇರಲಿ ಎಂದು ಸಲಹೆ ಕೊಟ್ಟವಳೂ ನಾನೇ. ಖಾಲಾ ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಏಳನೇ ತರಗತಿಯ ಒಬ್ಬ ಹುಡುಗಿ. ಅವಳ ತಾಯಿಗೆ ಹೆರಿಗೆಯಾಗಿತ್ತು, ಚಿಲ್ಲಾ ಮುಗಿಯುವ ತನಕ ತಾಯಿ ನಾನಿಯ ಮನೆಯಲ್ಲಿ. ಹುಡುಗಿ ಬೆಳಿಗ್ಗೆ ತಂದೆಯ ಸ್ಕೂಟರಿನಲ್ಲಿ ಬಂದು ಸಂಜೆ ನಾನಿಯ ಮನೆಗೆ ಹೋಗುತ್ತಿದ್ದಳು. ಕಚೇರಿಯಲ್ಲಿ ಅವಳ ಇಳಿಯುವ ಜಾಗ ಬದಲಾಯಿಸಿದರು, ಹೆಸರು ಬಸ್ಸಿನ ಪಟ್ಟಿಯಿಂದ ವ್ಯಾನಿನ ಪಟ್ಟಿಗೆ ಹೋಯಿತು. ಡಿಸೆಂಬರಿನ ಒಂದು ದಿನ, ನಾನಿಯ ಮನೆಯವರು ಯಾವುದೋ ಸಾವಿನ ಮನೆಗೆ ಹೋಗಬೇಕಾಗಿ, ಇವತ್ತು ಹಳೆಯ ಬಸ್ಸಿನಲ್ಲೇ ನಮ್ಮ ಮನೆಗೆ ಬಾ ಎಂದು ತಾಯಿ ಅವಳಿಗೆ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. ಆ ದಿನ ಖಾಲಾ ಜ್ವರದಿಂದ ರಜೆಯಲ್ಲಿದ್ದರು. ಬದಲಿಗೆ ಬಂದವರ ಕೈಯಲ್ಲಿ ನಮ್ಮ ಪಟ್ಟಿ. ನಿನ್ನ ಹೆಸರು ಇಲ್ಲಿಲ್ಲ, ವ್ಯಾನಿಗೆ ಹೋಗು ಎಂದರು. ಅವಳು ಓಡುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು. ವ್ಯಾನಿನವರು ಹೊರಡುವ ಮುನ್ನ 'ಎಲ್ಲರೂ ಹತ್ತಿದರು' ಎಂದು ಒತ್ತಿದ್ದರು. ತಂದೆಯ ಮೊಬೈಲಿಗೆ ಸಂದೇಶ ಹೋಯಿತು.

ಐದು ಗಂಟೆಯಿಂದ ಮಗ್ರಿಬ್ ಆಗುವವರೆಗೆ ಆ ಮಗು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತಿತ್ತು. ಯಾರಾದರೂ ಕರೆದುಕೊಂಡು ಹೋಗಲು ಬರುತ್ತಾರೆ ಎಂದು ಕಾವಲುಗಾರರು ಅಂದುಕೊಂಡಿದ್ದರು. ಕತ್ತಲಾದ ಮೇಲೆ ಅನುಮಾನ ಬಂದು, ಅವಳನ್ನು ತಮ್ಮ ಕೋಣೆಯಲ್ಲಿ ಕೂರಿಸಿ, ಚಹಾ ಬಿಸ್ಕತ್ತು ಕೊಟ್ಟು ನನಗೆ ಫೋನು ಮಾಡಿದರು. ಅಲ್ಲಾಹನ ದಯೆಯಿಂದ ಬೇರೇನೂ ಆಗಲಿಲ್ಲ. ತಂದೆ ಬಂದರು. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಮೊಬೈಲು ಹೇಳಿದ್ದನ್ನು ನಂಬಿ ಅಂಗಡಿಯಲ್ಲೇ ಕೂತಿದ್ದೆ ಟೀಚರ್. ಇನ್ನು ಇವಳನ್ನು ಕಳುಹಿಸುವುದಿಲ್ಲ" ಎಂದಷ್ಟೇ ಹೇಳಿ ಕರೆದುಕೊಂಡು ಹೋದರು. ಹನ್ನೊಂದು ದಿನ ಅವಳ ಹಾಜರಿಯ ಮುಂದೆ ನಾನು ಗೈರುಹಾಜರಿ ಬರೆದೆ.

ಮೊದಲು ಏನೂ ಇಲ್ಲದಿದ್ದಾಗ ಆ ತಂದೆ ಐದೂವರೆಗೆ ಬಾಗಿಲಿಗೆ ಬಂದು ನೋಡುತ್ತಿದ್ದರು, ಮಗಳು ಬರದಿದ್ದರೆ ಹುಡುಕುತ್ತಿದ್ದರು. ನಾವು ಕೊಟ್ಟ ಸಂದೇಶ ಆ ನೋಡುವಿಕೆಯನ್ನು ನಿಲ್ಲಿಸಿತು. ಇದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಜ್ವರ ಬಿಟ್ಟು ಬಂದ ಖಾಲಾ ಅವರ ಮನೆಗೆ ಆ ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಅವರು ನೋಟ್‌ಪುಸ್ತಕ ತೆರೆದು ತೋರಿಸಿದರು. ಪ್ರತಿ ಹೆಸರಿನ ಮುಂದೆ ಒಂದಲ್ಲ, ಎರಡು ಮೂರು ಜಾಗ: ತನ್ನ ಮನೆ, ನಾನಿಯ ಮನೆ, ಅರಬ್ಬಿ ಪಾಠಕ್ಕೆ ಹೋಗುವ ದಿನ ಮದ್ರಸ. ಅಂಚಿನಲ್ಲಿ ಒಂದು ಚುಕ್ಕೆ ಇದ್ದರೆ ಆ ಮಗುವಿಗೆ ವಾಂತಿಯಾಗುತ್ತದೆ, ಕಿಟಕಿ ಪಕ್ಕ ಕೂರಿಸಬೇಕು. ಎರಡು ಚುಕ್ಕೆ ಇದ್ದರೆ ಮನೆಯ ದೊಡ್ಡವರು ಕಾಣದೆ ಇಳಿಸಬಾರದು. ಹತ್ತಿದವರನ್ನು ಎಣಿಸುವುದಿಲ್ಲವೇ ಎಂದು ಹುಡುಗನೊಬ್ಬ ಕೇಳಿದ. "ಚಢೇ ಸೋ ಬಚ್ಚೋಂಕೋ ಕ್ಯಾ ಗಿನ್ನಾ ಬೇಟಾ, ರಹಗಯೇ ಸೋ ಬಚ್ಚೋಂಕೋ ದೇಖ್ನಾ" ಎಂದರು. ಹತ್ತಿದವರು ಕಣ್ಣೆದುರಿಗೇ ಇರುತ್ತಾರೆ, ಉಳಿದವರನ್ನು ನೋಡಬೇಕು. ಬಸ್ಸು ಹೊರಡುವ ಮುನ್ನ ಅವರು ಒಮ್ಮೆ ಇಳಿದು ಗೇಟಿನವರೆಗೆ, ಶೌಚಾಲಯದವರೆಗೆ ನಡೆದು ಬರುತ್ತಿದ್ದರು. ಆ ನಡಿಗೆ ನಮ್ಮ ಸಾಫ್ಟ್‌ವೇರಿನಲ್ಲಿ ಎಲ್ಲಿಯೂ ಇರಲಿಲ್ಲ.

ಬಿ.ಎಡ್.ನಲ್ಲಿ ನಮಗೆ ಪಾಠಯೋಜನೆ ಬರೆಯಿಸುತ್ತಿದ್ದರು. ಉದ್ದೇಶ, ಪೂರ್ವಜ್ಞಾನ, ಬೋಧನೋಪಕರಣ, ಮೌಲ್ಯಮಾಪನ ಎಲ್ಲವನ್ನೂ ಕೆಂಪು ಶಾಯಿಯ ಗೆರೆ ಎಳೆದು ಚೆಂದವಾಗಿ ಬರೆದು, ತರಗತಿಗೆ ಹೋದ ಐದನೇ ನಿಮಿಷಕ್ಕೆ ಮಕ್ಕಳಿಗೆ ಪೂರ್ವಜ್ಞಾನವೇ ಇಲ್ಲ ಎಂದು ಗೊತ್ತಾಗುತ್ತಿತ್ತು. ಮಕ್ಕಳ ಮುಖ ನೋಡದೆ ಬರೆದ ಯೋಜನೆ ಅದು. ನಾನು ಅದನ್ನೇ ಇಲ್ಲಿಯೂ ಮಾಡಿದ್ದೆ. ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ, ಸಮಾಲೋಚನೆ. ಮಶ್ವರಾ ಎಂದರೆ ಆಡಳಿತ ಮಂಡಳಿಯವರು ಕುಳಿತು ಚಹಾ ಕುಡಿಯುವುದು ಎಂದು ನಾವು ತಿಳಿದಿದ್ದೆವು. ಖಾಲಾ ಅವರಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಎರಡನೇ ಸಲ ಆ ಮೂವರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ, ಎರಡು ವಾರ. ಒಬ್ಬೊಬ್ಬರು ಒಂದೊಂದು ವಾಹನದಲ್ಲಿ ಬೆಳಿಗ್ಗೆ ಸಂಜೆ ಹೋಗಿ ಬಂದರು. ಯಾವ ಕಟ್ಟೆಯ ಹತ್ತಿರ ಮೊಬೈಲು ಸಿಗ್ನಲ್ ಹೋಗುತ್ತದೆ, ಸಂತೆಯ ದಿನ ಚಾಚಾ ಯಾವ ಗಲ್ಲಿಯಿಂದ ಸುತ್ತು ಹಾಕುತ್ತಾರೆ, ಎಲ್ಲ ಬರೆದುಕೊಂಡರು. ಆಮೇಲೆ ಕಾಗದದ ಮೇಲೆ ಪರದೆಗಳ ಚಿತ್ರ ಬಿಡಿಸಿ ಖಾಲಾ ಅವರ ಮುಂದೆ ಇಟ್ಟರು. ಅವರು ಬೆರಳಿಟ್ಟು ಬೇಡ ಎಂದದ್ದನ್ನು ರಬ್ಬರಿನಿಂದ ಅಳಿಸಿದರು. ಕಾಗದದ ಮೇಲಿನ ತಪ್ಪಿಗೆ ಖರ್ಚು ಒಂದು ರಬ್ಬರು, ಓಡುತ್ತಿರುವ ಬಸ್ಸಿನಲ್ಲಿ ತಿದ್ದುವ ತಪ್ಪಿನ ಖರ್ಚು ನಿಮಗೆ ಈಗಾಗಲೇ ಹೇಳಿದ್ದೇನೆ. 'ಎಲ್ಲರೂ ಹತ್ತಿದರು' ಗುಂಡಿ ಹೋಯಿತು. ಪಟ್ಟಿಯಲ್ಲಿಲ್ಲದ ಮಗು ಬಂದರೆ ಹಿಂದಕ್ಕೆ ಕಳುಹಿಸುವಂತಿಲ್ಲ, ಹತ್ತಿಸಿಕೊಂಡು ಆಮೇಲೆ ಕಚೇರಿಗೆ ಕೇಳಬೇಕು ಎಂಬ ನಿಯಮ ಬಂತು. ಆ ದಿನ ಶಾಲೆಗೆ ಹಾಜರಾಗಿ, ಯಾವ ವಾಹನವನ್ನೂ ಹತ್ತದ ಮಗುವಿನ ಹೆಸರು ಕೆಂಪಾಗಿ ನನ್ನ ಮೊಬೈಲಿಗೆ ಬರುತ್ತಿತ್ತು. ಕರೆಂಟು ಹೋದರೆ ನೋಟ್‌ಪುಸ್ತಕ ಇದ್ದೇ ಇತ್ತು. ಅದನ್ನು ನಿಲ್ಲಿಸಬಾರದು ಎಂಬುದು ಆ ಹುಡುಗಿಯ ತಂದೆ, ನಾವು ಅವರ ಮನೆಗೆ ಹೋದಾಗ, ಹಾಕಿದ ಒಂದೇ ಷರತ್ತು. ಹನ್ನೆರಡನೇ ದಿನ ಅವಳು ತರಗತಿಗೆ ಬಂದಳು.

ಭಾಷೆಯ ಟೀಚರಾಗಿ ಹೆಸರುಗಳ ಬಗ್ಗೆ ಹೇಳದೆ ಹೋಗಲಾರೆ. ಮೊದಲ ಪಟ್ಟಿ ಇಂಗ್ಲಿಷಿನಲ್ಲಿತ್ತು. ಖಾಲಾ ಓದುವುದು ಉರ್ದು, ಚಾಚಾ ಓದುವುದು ಕನ್ನಡ, ಇಂಗ್ಲಿಷು ಓದುವವರು ವಾಹನದಲ್ಲಿ ಮಕ್ಕಳು ಮಾತ್ರ! ಮೂರು ಭಾಷೆಗಳಲ್ಲಿ ಬರೆಯಲು ಹೊರಟಾಗ ಬೇರೆ ಲೋಕವೇ ತೆರೆಯಿತು. ಉರ್ದುವಿನಲ್ಲಿ 'ಜ಼' ಎಂಬ ಒಂದೇ ಧ್ವನಿಗೆ ಜ಼ಾಲ್, ಜ಼ೇ, ಜ಼ಾದ್, ಜ಼ೋಯ್ ಎಂದು ನಾಲ್ಕು ಅಕ್ಷರಗಳು. ನಜೀರ್ ಎಂಬ ಹೆಸರನ್ನು ಜ಼ಾಲ್‌ನಿಂದ ಬರೆದರೆ ಎಚ್ಚರಿಸುವವನು, ಜ಼ೋಯ್‌ನಿಂದ ಬರೆದರೆ ಸರಿಸಾಟಿ, ಮಾದರಿ. ಕನ್ನಡದಲ್ಲಿ ಇಬ್ಬರೂ ನಜೀರ್. ಇಂಗ್ಲಿಷಿನಲ್ಲಿ ಬರೆಯುವವರ ಮರ್ಜಿಯಂತೆ ನಾಲ್ಕು ಬಗೆ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್, ಬರೀ 'ಎಂಡಿ' ಎಂದು ಚುಕ್ಕೆ ಇಟ್ಟದ್ದು, ಎಲ್ಲವೂ ಒಂದೇ ಮಗುವಿನ ಬೇರೆ ಬೇರೆ ದಾಖಲೆಗಳಲ್ಲಿ. ಒಂದೇ ವ್ಯಾನಿನಲ್ಲಿ ಐವರು ಫಾತಿಮಾ. 'ಕುಟುಂಬದ ಹೆಸರು' ಎಂಬ ಕಡ್ಡಾಯ ಖಾನೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಯಾರೋ 'ಬಾನು' ಎಂದು, ಯಾರೋ ಊರಿನ ಹೆಸರು ಬರೆದಿದ್ದರು. ಹೆಸರಿನಿಂದ ಮಗುವನ್ನು ಹುಡುಕುವ ಸಾಫ್ಟ್‌ವೇರ್ ಒಬ್ಬಳನ್ನು ಇಬ್ಬರಾಗಿ, ಇಬ್ಬರನ್ನು ಒಬ್ಬಳಾಗಿ ಮಾಡುತ್ತದೆ. ಕೊನೆಗೆ ಪ್ರತಿ ಮಗುವಿಗೂ ರಾಜ್ಯದ ಶಾಲೆಗಳಲ್ಲಿ ಇರುವ ಎಸ್‌ಎಟಿಎಸ್ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು, ಹೆಸರನ್ನು ಮನೆಯವರು ಹೇಗೆ ಬರೆಯುತ್ತಾರೋ ಹಾಗೆ ಮೂರೂ ಲಿಪಿಗಳಲ್ಲಿ ಇಟ್ಟೆವು. ಪೋಷಕರಲ್ಲಿ ಒಂದು ವಿನಂತಿ: ಈಗ ತತ್ಕಾಲ್ ಟಿಕೆಟಿಗೂ ಆಧಾರ್ ದೃಢೀಕರಣ ಬಂದಿದೆ, 2025ರ ಜುಲೈನಿಂದ. ಮಗುವಿನ ಹೆಸರಿನ ಕಾಗುಣಿತವನ್ನು ಒಂದನೇ ತರಗತಿಯಲ್ಲೇ ಎಲ್ಲ ದಾಖಲೆಗಳಲ್ಲೂ ಒಂದೇ ಮಾಡಿಸಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಓಡಾಡಿ ಸುಸ್ತಾದವರು ಈ ಸಭೆಯಲ್ಲೇ ಇದ್ದಾರೆ.

ಇನ್ನೊಂದು ಸಂಗತಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾವ ಹುಡುಗಿ, ಯಾವ ಮನೆ, ಯಾವ ಮೊಬೈಲು, ಎಷ್ಟು ಗಂಟೆಗೆ ಯಾವ ತಿರುವಿನಲ್ಲಿ ಒಬ್ಬಳೇ ಇಳಿಯುತ್ತಾಳೆ, ಇವೆಲ್ಲ ಒಂದೇ ಪಟ್ಟಿಯಲ್ಲಿ. ಮೊದಲ ತಿಂಗಳು ಆ ಪಟ್ಟಿ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿತ್ತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಬರುವ ಮೊದಲೂ ನಮ್ಮ ಬಳಿ ಅದಕ್ಕೆ ಒಂದು ಪದವಿತ್ತು, ಅಮಾನತ್. ಈಗ ಒಬ್ಬ ಚಾಲಕರಿಗೆ ತಮ್ಮ ವಾಹನದ ಮಕ್ಕಳ ಹೆಸರು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ವರ್ಷ ಮುಗಿದ ಮೇಲೆ ವಿಳಾಸ, ಮೊಬೈಲು ಸಂಖ್ಯೆ ಎಲ್ಲ ಅಳಿಸಿಹೋಗುತ್ತವೆ.

ಆ ಮೂವರಲ್ಲಿ ಒಬ್ಬಳು ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸಂದರ್ಶನದಲ್ಲಿ ನಿನ್ನ ಪ್ರಾಜೆಕ್ಟಿನ ಬಗ್ಗೆ ಹೇಳು ಎಂದಾಗ, ಅವಳು ಪರದೆಯ ಬಣ್ಣಗಳ ಬಗ್ಗೆ ಹೇಳದೆ ಗೇಟಿನ ಕಟ್ಟೆಯ ಬಗ್ಗೆ ಹೇಳಿದಳಂತೆ.

ಕೆಲಸ ಇನ್ನೂ ಮುಗಿದಿಲ್ಲ. ರಮಜಾನಿನಲ್ಲಿ ಶಾಲೆಯ ವೇಳೆ ಬದಲಾಗುತ್ತದೆ, ರಮಜಾನು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ನಾಳೆಯಿಂದ ಯಾವ ವೇಳಾಪಟ್ಟಿ ಎಂಬುದು ಚಂದ್ರದರ್ಶನದ ಸುದ್ದಿ ಬಂದ ಮೇಲೆ, ರಾತ್ರಿ ಎಂಟು ಒಂಬತ್ತಕ್ಕೆ ತಿಳಿಯುತ್ತದೆ. ಆ ಹೊತ್ತಿನಲ್ಲಿ 130 ಮನೆಗಳಿಗೆ, ಮೂವರು ಚಾಲಕರಿಗೆ ಹೇಗೆ ಹೇಳುವುದು, ಹೇಳಿದ್ದು ತಲುಪಿತು ಎಂದು ಹೇಗೆ ತಿಳಿಯುವುದು? ಈಗ ಖಾಲಾ ಫೋನು ಹಿಡಿದು ಕೂರುತ್ತಾರೆ, ಹನ್ನೊಂದು ಗಂಟೆಯವರೆಗೆ. ಇದಕ್ಕೆ ದಾರಿ ಕಾಣುವ ವಿದ್ಯಾರ್ಥಿಗಳಿದ್ದರೆ ಬನ್ನಿ. ಖಾಲಾ ಅವರ ಹಳೆಯ ನೋಟ್‌ಪುಸ್ತಕಗಳು ನಾಲ್ಕು, ಅವರ ಅನುಮತಿ ಪಡೆದು ಹೆಸರು ವಿಳಾಸಗಳ ಮೇಲೆ ಕಾಗದ ಅಂಟಿಸಿ, ಈ ಚೀಲದಲ್ಲಿ ತಂದಿದ್ದೇನೆ. ಊಟದ ನಂತರ ಹಿಂದಿನ ಕೋಣೆಯಲ್ಲಿ ಇಟ್ಟಿರುತ್ತೇನೆ. ಉರ್ದು ಓದಲು ಬಾರದವರಿಗೆ ನಾನು ಓದಿ ಹೇಳುತ್ತೇನೆ.